ಹೊಲಿಗೆ ಅಂಗಡಿಯ ಚಾಲ್ತಿ ಖಾತೆ

ಗಂಡ ತೀರಿಕೊಂಡ ಮೇಲೆ ಬಸವಕಲ್ಯಾಣದ ನಮ್ಮ ಹೊಲಿಗೆ ಅಂಗಡಿಯನ್ನು ನಾನೂ ಮೈದುನನೂ ಸೇರಿ ನಡೆಸುತ್ತಿದ್ದೆವು. ಕತ್ತರಿ ನನ್ನ ಕೈಯಲ್ಲಿ, ವ್ಯವಹಾರ ಅವನ ಕೈಯಲ್ಲಿ. ಬ್ಯಾಂಕಿನ ಖಾತೆಗೆ ಇಬ್ಬರ ಹೆಸರೂ ಇತ್ತು. ಯಾರೊಬ್ಬರು ಸಹಿ ಹಾಕಿದರೂ ಚೆಕ್ ನಡೆಯುತ್ತಿತ್ತು. ಒಂದು ದೀಪಾವಳಿಯ ಮುಂದೆ ಅವನು ಊರಿನ ಬಟ್ಟೆ ವ್ಯಾಪಾರಿಗಳಿಗೆ ಚೆಕ್ ಬರೆದುಕೊಟ್ಟು ತಾನುಗಟ್ಟಲೆ ಬಟ್ಟೆ ತಂದ. ಅದನ್ನೆಲ್ಲ ಅಗ್ಗಕ್ಕೆ ಮಾರಿ ಸೊಲ್ಲಾಪುರದ ಕಡೆ ಹೋದವನು ಮತ್ತೆ ಮುಖ ತೋರಿಸಲಿಲ್ಲ. ಖಾತೆ ಖಾಲಿಯಾಗಿತ್ತು. ಚೆಕ್ಕುಗಳು ಒಂದೊಂದಾಗಿ ವಾಪಸು ಬಂದವು.

ಎಲ್ಲರಿಗಿಂತ ಮೊದಲು ಬಾಗಿಲಿಗೆ ಬಂದವರು ಕೋಟೆಯ ದಾರಿಯಲ್ಲಿ ಅಂಗಡಿ ಇಟ್ಟಿದ್ದ ಮುದುಕ ವ್ಯಾಪಾರಿ. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು. ಚೆಕ್ಕನ್ನು ನನ್ನ ಮುಖದ ಮುಂದೆ ಅಲ್ಲಾಡಿಸಿದರು.

"ಇದನ್ನ ತಗೊಂಡು ನಾ ಏನ್ ಮಾಡ್ಲಿ? ಉಪ್ಪಿನಕಾಯಿ ಹಾಕ್ಲೇನು?"

"ಕಾಕಾ, ನನ್ನ ಹತ್ರ ಈಗ ಏನೂ ಇಲ್ರಿ," ಎಂದೆ. "ಕೈ ಎರಡು ಅವ. ನಿಮ್ಮ ಅಂಗಡಿ ಹೊಲಿಗಿ ಕೆಲಸ ಕಳಸ್ರಿ, ಹೊಲದು ತೀರಸ್ತೀನಿ."

ಅವರು ಚೆಕ್ಕನ್ನು ಜೇಬಿಗೆ ಹಾಕಿಕೊಂಡು ಹೊರಟರು. ಮರುದಿನ ಅವರ ಅಂಗಡಿಯಿಂದ ಒಂದು ಬಟ್ಟೆಯ ಗಂಟು ಬಂತು. ಅಂಗಡಿಯ ಮಷೀನುಗಳನ್ನು ಮಾರಿ ಉಳಿದವರ ಬಾಕಿ ಮುಗಿಸಿದೆ. ಒಂದೇ ಮಷೀನು ಇಟ್ಟುಕೊಂಡು ಕಾಕಾ ಕಳಿಸಿದ ಅಂಗಿ, ಪೈಜಾಮ, ಕುಬಸಗಳನ್ನು ಹೊಲಿಯುತ್ತ ಹೋದೆ. ಕೊನೆಗೆ ಒಂದು ದಿನ ಅವರೇ, "ಸಾಕು ಮಗಳ, ತೀರಿತು," ಎಂದು ಹೇಳಿಕಳಿಸಿದರು. ಆಮೇಲೆ ಆ ಮಷೀನನ್ನು ಬಸ್ಸಿನ ಮೇಲೆ ಹಾಕಿಕೊಂಡು ತವರೂರಾದ ಹುಮನಾಬಾದಿಗೆ ಬಂದೆ.

ಅಲ್ಲಿ ನನ್ನ ಕೈಕೆಲಸ ಜನಕ್ಕೆ ಹಿಡಿಸಿತು. ಮೂರನೆಯ ವರ್ಷಕ್ಕೆ ಹುಡುಗಿಯರ ವಸತಿ ನಿಲಯವೊಂದರಿಂದ ಸಮವಸ್ತ್ರ ಹೊಲಿಯುವ ಕೆಲಸ ಸಿಕ್ಕಿತು. ಹುಡಗಿ, ಹಳ್ಳಿಖೇಡ ಎಂಬ ಹತ್ತಿರದ ಊರುಗಳಿಂದ ಬಂದು ಅಲ್ಲಿದ್ದು ಓದುವ ಹುಡುಗಿಯರು. ನೀಲಿ ಲಂಗ, ಬಿಳಿ ಜಂಪರು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲಿಯ ಗುಮಾಸ್ತ ಮುಂದೆ ಹೇಳಿದ್ದು ಮೊದಲು ಕಿವಿಗೇ ಬೀಳಲಿಲ್ಲ. "ನಾವು ಕೈಯಾಗ ರೊಕ್ಕ ಕೊಡಾಂಗಿಲ್ರಿ. ಅಂಗಡಿ ಹೆಸರಿಗೆ ಚೆಕ್ ಕೊಡ್ತೀವಿ. ಚಾಲ್ತಿ ಖಾತೆ ತಗೀರಿ."

ಬ್ಯಾಂಕಿಗೆ ಹೋದೆ. ಮ್ಯಾನೇಜರು ನನ್ನ ಹೆಸರು ಕೇಳಿ ಒಳಗೆ ಹೋಗಿ ಬಂದರು. "ಬಸವಕಲ್ಯಾಣದ ಬ್ಯಾಂಕಿನವರು ನಿಮ್ಮ ಚೆಕ್ ವಾಪಸಾದ ಸುದ್ದಿ ಎಲ್ಲಾ ಬ್ಯಾಂಕಿಗೂ ತಿಳಿಸ್ಯಾರ. ನಿಮಗ ಚೆಕ್ ಬುಕ್ ಕೊಡಾಕ ಆಗಾಂಗಿಲ್ಲ." ಊರಿನ ಇನ್ನೊಂದು ಬ್ಯಾಂಕಿನಲ್ಲೂ ಇದೇ ಮಾತು. ಎಲ್ಲ ತೀರಿಸಿದ್ದೇನೆ ಎಂದು ಹೇಳಿದೆ. ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಹೊರಗೆ ಬಂದು ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡೆ; ಬರೀ ಬೆವರು ಎಂದು ನನಗೆ ನಾನೇ ಹೇಳಿಕೊಂಡೆ.

ವಸತಿ ನಿಲಯದವರು ಒಂದಷ್ಟು ದಿನ ಕಾಯಲು ಒಪ್ಪಿದರು. ಅಷ್ಟರಲ್ಲಿ ಮೊದಲಿನ ಬ್ಯಾಂಕಿಗೆ ಧಾರವಾಡದ ಕಡೆಯ ಹೊಸ ಮ್ಯಾನೇಜರು ಬಂದರು. ಧೈರ್ಯ ಮಾಡಿ ಮತ್ತೆ ಹೋದೆ. ಅವರು ಕುರ್ಚಿ ತೋರಿಸಿ ಕೂರಿಸಿದರು, ಕೊನೆಯವರೆಗೆ ಕೇಳಿದರು.

"ನಿಮ್ಮ ಮಾತು ನಂಬಬೇಕಂತ ಅನಸ್ತದ," ಎಂದರು. "ಆದ್ರ ನಾಳೆ ಮ್ಯಾಲಿನವರು ಕೇಳಿದ್ರ ನಾ ಏನ್ ಹೇಳ್ಲಿ? ಆವಾಗ ಚೆಕ್ ತಗೊಂಡು ನುಕ್ಸಾನಾದವರೊಳಗ ಒಬ್ಬರನ್ನ ಕರಕೊಂಡು ಬರ್ರಿ. ಅವರು ನಿಮ್ಮ ಪರವಾಗಿ ಸಹಿ ಹಾಕಿದ್ರ ಖಾತೆ ತಗೀತೀನಿ."

ಬಸವಕಲ್ಯಾಣದ ಬಸ್ಸು ಹತ್ತಿದೆ. ಕಾಕಾನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರೆಲ್ಲ ಹೋಗುವ ತನಕ ಮೂಲೆಯಲ್ಲಿ ನಿಂತೆ. ಹೇಳಿ ಮುಗಿಸುವುದರೊಳಗೆ ಅವರ ಮಗ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದ. "ಅಪ್ಪಾ, ಒಮ್ಮೆ ಕೈ ಸುಟ್ಟುಕೊಂಡಿದ್ದು ಸಾಲದೇನು?"

"ಸುಟ್ಟಾಂವ ಬ್ಯಾರೆ, ಔಷಧ ಹಚ್ಚಿದಾಕಿ ಬ್ಯಾರೆ," ಎಂದರು ಕಾಕಾ, ಬಟ್ಟೆ ಮಡಿಸುತ್ತಲೇ. ಆಮೇಲೆ ನನ್ನ ಕಡೆ ತಿರುಗಿ, "ಹುಮನಾಬಾದಕ್ಕ ಮುಂಜಾನಿ ಬಸ್ ಎಷ್ಟಕ್ಕದ?" ಎಂದು ಕೇಳಿದರು.

ಮರುದಿನ ಒಗೆದ ಧೋತರ, ಹೊಸ ರುಮಾಲು ಸುತ್ತಿಕೊಂಡು ಬಂದಿಳಿದರು. ಮದುವೆಗೆ ಬಂದವರ ಹಾಗೆ ಕಾಣುತ್ತಿದ್ದರು. ಬ್ಯಾಂಕಿನಲ್ಲಿ ಮ್ಯಾನೇಜರು, "ಇವರ ಚೆಕ್ ನಿಮಗ ವಾಪಸ್ ಬಂದಿತ್ತಂತಲ್ರಿ?" ಎಂದರು.

"ಚೆಕ್ ವಾಪಸ್ ಬಂದಿತ್ರಿ. ಈ ಹೆಣ್ಮಗಳು ಮಾತಿನಿಂದ ವಾಪಸ್ ಹೋಗಲಿಲ್ಲ. ಆಕಿ ಹೊಲಿದ ಅಂಗಿ ಈಗ ನನ್ನ ಮೈಮ್ಯಾಲೆ ಅದ, ನೋಡ್ರಿ."

ಕಾಕಾ ನಿಜಾಮನ ಕಾಲದಲ್ಲಿ ಶಾಲೆ ಕಲಿತವರು. ಸಹಿಯನ್ನು ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಎಳೆದರು. ಮ್ಯಾನೇಜರು ಕಾಗದವನ್ನು ಆಚೆ ಈಚೆ ತಿರುಗಿಸಿದ್ದನ್ನು ಕಂಡು, "ಓದಾಕ ಬರಲಿಲ್ಲಂದ್ರ ಕಲ್ಯಾಣದ ನಿಮ್ಮ ಶಾಖೆಗೆ ಕೇಳ್ರಿ, ಅಲ್ಲಿ ನನ್ನ ಖಾತೆಗೂ ಇದೇ ಸಹಿ," ಎಂದರು. ಮ್ಯಾನೇಜರು ನಕ್ಕರು.

ಖಾತೆ ತೆರೆಯಿತು, ವಸತಿ ನಿಲಯದ ಮುಂಗಡದ ಚೆಕ್ಕು ಜಮೆಯಾಯಿತು. ನಾನು ಬರೆದ ಮೊದಲ ಚೆಕ್ಕು ಗುಲಬರ್ಗಾದ ವ್ಯಾಪಾರಿಗೆ, ಇನ್ನೊಂದು ಹೊಲಿಗೆ ಮಷೀನಿಗಾಗಿ. ವಾರದ ಮೇಲೆ ಬ್ಯಾಂಕಿನ ಜವಾನ ಮನೆಗೆ ಬಂದು, "ಮ್ಯಾನೇಜರ್ ಸಾಹೇಬರು ಕರಿಯಾಕತ್ತಾರ, ಚೆಕ್ಕಿನ ವಿಷಯ," ಎಂದ. ಚಪ್ಪಲಿ ಮೆಟ್ಟದೆಯೇ ಓಡಿದೆ.

"ಗಾಬರಿ ಆಗಬ್ಯಾಡ್ರಿ," ಎಂದರು ಮ್ಯಾನೇಜರು. "ನಮ್ಮಲ್ಲಿರೋ ಸಹಿಗೆ ಚೆಕ್ಕಿನ ಸಹಿ ಹೊಂದವಲ್ದು. ಬರಿಯುವಾಗ ಕೈ ನಡುಗಿತೇನು?"

"ನಡುಗಿತ್ರಿ."

"ಹಂಗಾರ ನೀರು ಕುಡುದು ಇನ್ನೊಮ್ಮೆ ಹಾಕ್ರಿ."

ನೀರು ಕುಡಿದೆ. ಪೆನ್ನು ಹಿಡಿದು, ಅಂಗಿಯ ತೋಳು ಕತ್ತರಿಸಲು ಗೆರೆ ಹಾಕುವಾಗಿನಷ್ಟೇ ನಿಧಾನವಾಗಿ ಸಹಿ ಹಾಕಿದೆ. ಹೊಸ ಮಷೀನು ಬಂದ ದಿನ ಪಕ್ಕದ ಓಣಿಯ ಹೆಂಗಸೊಬ್ಬಳು ಕೆಲಸ ಕಲಿಯುತ್ತೇನೆಂದು ಬಂದಳು. ಸಂಜೆಯಾದರೂ ಮನೆಗೆ ಹೋಗಲು ಒಲ್ಲೆ ಎಂದಳು. ಇಬ್ಬರೂ ಪಕ್ಕಪಕ್ಕ ಕುಳಿತು, ಚಹಾ ಆರುವುದನ್ನೂ ಮರೆತು, ನೀಲಿ ಲಂಗಗಳಿಗೆ ಅಂಚು ಹೊಲಿದೆವು.