ಬೋಟಿ ಎಳೆದ ಕಾಲುಚೀಲ

ಯಾರ ಮನೆಗೆ ಹೋದರೂ ಬೂಟು ಬಿಚ್ಚುವ ಮುಂಚೆ ನಾನು ಒಂದು ಸಲ ಸುತ್ತಮುತ್ತ ನಾಯಿ ಇದೆಯೇ ಎಂದು ನೋಡುತ್ತೇನೆ. ನೆಂಟರ ಮನೆಯಾದರೂ ಅಷ್ಟೇ, ಮದುವೆಯ ಮನೆಯಾದರೂ ಅಷ್ಟೇ. ನನ್ನ ಹೆಂಡತಿ ಇದನ್ನು ಭಯವೆಂದು ತಿಳಿದಿದ್ದಾಳೆ. "ಏನೂ ಮಾಡಲ್ಲ, ಬನ್ರೀ" ಎಂದು ಹತ್ತು ಜನರ ಎದುರಿಗೆ ನನಗೆ ಧೈರ್ಯ ಹೇಳುತ್ತಾಳೆ. ನಾನು ಅವಳನ್ನು ತಿದ್ದಲು ಹೋಗಿಲ್ಲ, ಹೆದರುಪುಕ್ಕಲ ಎನ್ನಿಸಿಕೊಳ್ಳುವುದೇ ಎಷ್ಟೋ ವಾಸಿ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಅದು ಭಯವಲ್ಲ, ನಾಚಿಕೆ. ಕಚ್ಚಿದ ನಾಯಿಗೆ ಮದ್ದಿದೆ, ಹೊಕ್ಕುಳ ಸುತ್ತ ಸೂಜಿ ಚುಚ್ಚುತ್ತಾರೆ. ನಾಚಿಸಿದ ನಾಯಿಗೆ ಬೌರಿಂಗ್ ಆಸ್ಪತ್ರೆಯಲ್ಲೂ ಮದ್ದಿಲ್ಲ, ನಾನು ವಿಚಾರಿಸಿಲ್ಲ ಅಷ್ಟೇ.

ಎರಡನೇ ಮಹಾಯುದ್ಧದ ಕಾಲದ ಮಾತು. ನಾನು, ಅಮ್ಮ ಇಬ್ಬರೇ ಜೋಗುಪಾಳ್ಯದಲ್ಲಿದ್ದೆವು. ದೊಮ್ಮಲೂರಿನಾಚೆ ರಾಗಿ ಹೊಲಗಳನ್ನು ಸಮತಟ್ಟು ಮಾಡಿ ಕಟ್ಟಿದ್ದ ವಿಮಾನ ನಿಲ್ದಾಣದಲ್ಲಿ ನನಗೊಂದು ಗುಮಾಸ್ತೆ ಕೆಲಸ ಸಿಕ್ಕಿತ್ತು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಮೋಡ ಎಷ್ಟು ಕೆಳಗಿದೆ ಎಂದು ಪೈಲಟ್ಟುಗಳಿಗಾಗಿ ಕರಿಹಲಗೆಯ ಮೇಲೆ ಬರೆಯುವುದು. ನಾನು ಬರೆದು ಮುಗಿಸುವಷ್ಟರಲ್ಲಿ ಗಾಳಿ ದಿಕ್ಕು ಬದಲಿಸುತ್ತಿತ್ತು, ಅಳಿಸಿ ಮತ್ತೆ ಬರೆಯುತ್ತಿದ್ದೆ. ಹೀಗಾಗಿ ಕೆಲಸಕ್ಕೆ ಬರಗಾಲವಿರಲಿಲ್ಲ. ಮಗ ಏನು ಮಾಡುತ್ತಾನೆಂದು ಯಾರಾದರೂ ಕೇಳಿದರೆ ಅಮ್ಮ "ಗಾಳಿ ಬರೀತಾನೆ" ಎನ್ನುತ್ತಿದ್ದಳು. ಕೇಳಿದವರು ಮುಂದೆ ಏನೂ ಕೇಳುತ್ತಿರಲಿಲ್ಲ.

ಪೈಲಟ್ಟುಗಳಿಗೂ ಸಾಕುಪ್ರಾಣಿಗಳಿಗೂ ಇರುವ ನಂಟು ಏನೆಂದು ನಾನು ಅಲ್ಲಿ ಬಹಳ ಯೋಚಿಸಿದ್ದೇನೆ. ಒಬ್ಬ ಸಾಹೇಬನ ಬಳಿ ಮೈನಾ ಹಕ್ಕಿ ಇತ್ತು. ಅದು ಎಂಜಿನ್ನು ಕೆಮ್ಮುವ ಸದ್ದನ್ನು ಎಷ್ಟು ಚೆನ್ನಾಗಿ ಕಲಿತಿತ್ತೆಂದರೆ ಮೆಕ್ಯಾನಿಕ್ಕುಗಳು ಊಟ ಬಿಟ್ಟು ಎದ್ದೋಡುತ್ತಿದ್ದರು. ಇನ್ನೊಬ್ಬನ ಕೋತಿ ಅವನದೇ ಟೋಪಿ ಹಾಕಿಕೊಂಡು ಜೀಪಿನಲ್ಲಿ ಕೂತಿರುತ್ತಿತ್ತು, ಹೊಸಬರು ಅದಕ್ಕೆ ಸಲಾಮು ಹೊಡೆದದ್ದೂ ಉಂಟು. ಆಕಾಶದಲ್ಲಿ ಕೆಲಸವಿರುವವನಿಗೆ ನೆಲದ ಮೇಲೆ ತನಗಾಗಿ ಕಾಯುವ ಜೀವ ಒಂದು ಬೇಕು. ಹೆಂಡತಿಯನ್ನು ಕಾಯಿಸಲು ಅವರಿಗೆ ಮನಸ್ಸಿರಲಿಲ್ಲ, ಬಹಳ ಜನ ಮದುವೆಯ ಮಾತನ್ನೇ ಯುದ್ಧ ಮುಗಿಯುವ ತನಕ ಮುಂದಕ್ಕೆ ಹಾಕಿದ್ದರು. ಅಲ್ಲಿಯವರೆಗೆ ಕಾಯುವ ಕೆಲಸ ನಾಯಿಯದು.

ಕೊಡಗಿನ ಪೂವಯ್ಯ ಅಂಥವರಲ್ಲೊಬ್ಬ. ಎತ್ತರದ ಆಳು, ದೊಡ್ಡ ನಗು. ನಿಲ್ದಾಣದ ಇಂಗ್ಲಿಷ್ ಗದ್ದಲದ ನಡುವೆ ಕನ್ನಡ ಆಡಲು ಜನ ಬೇಕೆಂದು ನನ್ನ ಕರಿಹಲಗೆಯ ಹತ್ತಿರ ಬಂದು ನಿಲ್ಲುತ್ತಿದ್ದ. "ರಾಯರೇ, ಗಾಳಿ ಹೆಂಗಿದೆ? ಸತ್ಯ ಬರ್ದಿದೀರೋ, ಸರ್ಕಾರದ ಲೆಕ್ಕಕ್ಕೆ ಬರ್ದಿದೀರೋ?" ಎಂದು ಕೆಣಕುತ್ತಿದ್ದ. ಅವನ ನಾಯಿ ಶಿವಾಜಿನಗರದ ಮಟನ್ ಅಂಗಡಿಗಳ ಹಿಂದೆ ಸಿಕ್ಕ ಕಂದು ಬಣ್ಣದ ಹೆಣ್ಣು ಬೀದಿನಾಯಿ. ಅಲ್ಲಿನ ಸಾಬರು ಕುರಿಯ ಕರುಳು ಹಾಕಿ ಸಾಕಿದ್ದರಿಂದ ಅದಕ್ಕೆ 'ಬೋಟಿ' ಎಂದೇ ಹೆಸರು. ಬೋಟಿಗೆ ಅವನ ಎಂಜಿನ್ನಿನ ಸದ್ದು ಗೊತ್ತಿತ್ತು. ನಮ್ಮ ಕಿವಿಗೆ ಏನೂ ಬೀಳುವ ಮೊದಲೇ ಅದು ಎದ್ದು ಮೈ ಕೊಡವಿ ಓಡುತ್ತಿತ್ತು. ಅದು ಎದ್ದದ್ದು ಕಂಡ ಕೂಡಲೇ ಮೆಸ್ಸಿನ ಬಟ್ಲರ್ ಅಂತೋಣಿ ಟೀಗೆ ನೀರಿಡುತ್ತಿದ್ದ. ಪೂವಯ್ಯ ಇಳಿದು ಬಂದು ಕುರ್ಚಿಯಲ್ಲಿ ಕೂತು ಬೂಟು ಬಿಚ್ಚಿದರೆ ಬೋಟಿ ಕೋಣೆಯಿಂದ ಅವನ ಚಪ್ಪಲಿ ಕಚ್ಚಿ ತರುತ್ತಿತ್ತು. ಆಮೇಲೆ ಅವನ ಕಾಲುಚೀಲದ ತುದಿಯನ್ನು ಹಲ್ಲಿನಲ್ಲಿ ಹಿಡಿದು ಹಿಂದಕ್ಕೆ ಹಿಂದಕ್ಕೆ ಎಳೆದು ಕಳಚುತ್ತಿತ್ತು. ಅದು ಮುಗಿದರೇ ಅವನ ಹಾರಾಟ ಮುಗಿದಂತೆ.

ಇನ್ನು ಅಲ್ಲಿಯ ಒಂದು ಪದ್ಧತಿಯನ್ನು ಹೇಳಬೇಕು. ಹಾರಿಹೋದವನು ಕತ್ತಲಾದರೂ ಬರದಿದ್ದರೆ, ಗೆಳೆಯರೆಲ್ಲ ಅಂದೇ ಅವನ ಕೋಣೆಗೆ ಹೋಗಿ ಒಂದೊಂದು ಸಣ್ಣ ಸಾಮಾನನ್ನು ನೆನಪಿಗೆಂದು ತೆಗೆದುಕೊಂಡುಬಿಡಬೇಕು. ಉಳಿದದ್ದನ್ನು ಟ್ರಂಕಿಗೆ ತುಂಬಿ ಮನೆಗೆ ಕಳಿಸಲು ಇಡಬೇಕು. ಬೆಳಗ್ಗೆ ಎದ್ದವರ ಕಣ್ಣಿಗೆ ಆ ಚಪ್ಪಲಿ, ಆ ಬ್ರಷ್ಷು ಬೀಳಬಾರದು, ಬಿದ್ದರೆ ಅಂದು ಯಾರಿಗೂ ವಿಮಾನ ಹತ್ತಲು ಕಾಲೇಳುವುದಿಲ್ಲ. ನಮ್ಮ ಮನೆಗಳಲ್ಲಿ ಸತ್ತವರ ಪಂಚೆ ಮುಟ್ಟಬೇಕಾದರೂ ಹನ್ನೊಂದು ದಿನ ಕಾಯುತ್ತೇವೆ. ಅಲ್ಲಿ ಅಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಅದು ಕಲ್ಲು ಮನಸ್ಸಿನ ಕೆಲಸವೆಂದು ತಿಳಿಯಬೇಡಿ, ಅಳುತ್ತಲೇ ಮಾಡುತ್ತಿದ್ದರು.

ಒಂದು ಡಿಸೆಂಬರ್ ಸಂಜೆ ಪೂವಯ್ಯ ಬರಲಿಲ್ಲ. ಪೂರ್ವಕ್ಕೆ, ಕೋಲಾರದ ಕಡೆಗೆ ಹೋದವನು. ಹುಡುಕಲು ಹೋದ ವಿಮಾನ ಕತ್ತಲಿಗೆ ಹೆದರಿ ಬರಿಗೈಯಲ್ಲಿ ಬಂತು. ಬೋಟಿ ಮೈದಾನದ ಅಂಚಿನಲ್ಲಿ ಮುಂಗಾಲ ಮೇಲೆ ಮೂತಿ ಇಟ್ಟು ಮಲಗಿತ್ತು, ಏಳಲಿಲ್ಲ. ಹಿರಿಯ ಪೈಲಟ್ ಸಾಹೇಬ ಅದನ್ನು ಬಹಳ ಹೊತ್ತು ನೋಡಿ, ಟೋಪಿ ತೆಗೆದು, ಪೂವಯ್ಯನ ಕೋಣೆಗೆ ನಡೆದ. ಅವನು ರೇಜರ್ ತೆಗೆದುಕೊಂಡ. ಇನ್ನೊಬ್ಬ ಚಪ್ಪಲಿ, ಮತ್ತೊಬ್ಬ ಟೀ ಕುಡಿಯುವ ಬಟ್ಟಲು. ಅಂತೋಣಿ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಸುರುಳಿ ಸುತ್ತಿಕೊಂಡು ಮೂಗು ಒರೆಸಿಕೊಂಡ.

"ನಾಯಿ ನಮ್ಮನೇಲಿರ್ಲಿ" ಎಂದೆ ನಾನು. ಎಲ್ಲರೂ ನನ್ನನ್ನು ಮೆಚ್ಚಿಕೊಂಡು ನೋಡಿದರು. ಆ ಮೆಚ್ಚುಗೆಯ ಬಲದ ಮೇಲೆ, "ಮಲಗೋಕೆ ಯಜಮಾನನ ವಾಸನೆ ಇದ್ರೆ ಸಮಾಧಾನ" ಎಂದು ಹೇಳಿ ಅವನ ಒಂದು ಜೊತೆ ಕಾಲುಚೀಲವನ್ನೂ ಎತ್ತಿಕೊಂಡೆ. ಅವನ ತಾಯಿ ಹೆಣೆದದ್ದು, ಅರಿಶಿನದ ಬಣ್ಣ, ದಪ್ಪ ಉಣ್ಣೆ. ಇಡೀ ದಂಡು ಪ್ರದೇಶದಲ್ಲಿ ಅಂಥ ಬಣ್ಣದ ಕಾಲುಚೀಲ ಇನ್ನೊಂದು ಇರಲಾರದು.

ಅಮ್ಮ ಮಡಿಯ ಹೆಂಗಸು. ನಾಯಿಯ ಹೆಸರಿನ ಅರ್ಥ ತಿಳಿದಾಗ "ರಾಮ ರಾಮ!" ಎಂದು ಕಿವಿ ಮುಚ್ಚಿಕೊಂಡಳು, ಆ ಕ್ಷಣದಲ್ಲೇ ಅದಕ್ಕೆ ಭಾಗೀರಥಿ ಎಂದು ಹೆಸರಿಟ್ಟಳು. ನಮ್ಮ ದೇವರ ಮನೆಯಲ್ಲಿ ದತ್ತಾತ್ರೇಯನ ಪಟವಿತ್ತು. ಆ ಸ್ವಾಮಿಯ ಪಾದದ ಬಳಿ ನಾಲ್ಕು ನಾಯಿಗಳಿವೆ, ನಾಲ್ಕು ವೇದಗಳೆಂದು ಬಲ್ಲವರು ಹೇಳುತ್ತಾರೆ. ಅಮ್ಮ ದಿನಾ ಆ ನಾಲ್ಕಕ್ಕೂ ಹೂವೇರಿಸುತ್ತಿದ್ದಳು. ಉಸಿರಾಡುವ ನಾಯಿ ಹೊಸಿಲು ದಾಟಬಾರದು ಅಷ್ಟೇ. ಆದರೆ ಭಾಗೀರಥಿ ಅನ್ನ ಮುಟ್ಟದೆ ಕೂತದ್ದನ್ನು ಕಂಡು, "ಒಳಗೆ ಕಟ್ಟೋ, ಚಳಿ. ಐದನೇದು ಅಂದ್ಕೋತೀನಿ" ಎಂದಳು. ನಾನು ನಡುಮನೆಯಲ್ಲಿ ಗೋಣಿತಟ್ಟು ಹಾಸಿ ಕಾಲುಚೀಲ ಇಟ್ಟೆ. ಬೋಟಿ ಅದರಲ್ಲಿ ಮೂಗು ಹೂತು ಮಲಗಿತು.

ಬೆಳಗ್ಗೆ ಮಂಜು ಸುರಿಯುತ್ತಿತ್ತು. ಹಲಸೂರು ಕೆರೆಯ ಮೇಲಿನ ಗಾಳಿಗೆ ಸೈಕಲ್ಲಿನ ಮೇಲೆ ಕಾಲು ಮರಗಟ್ಟಿ ಹೋಗುವ ಚಳಿ. ನನ್ನ ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಬಂದಿತ್ತು. ನಾಯಿಗೆ ಹೇಗಿದ್ದರೂ ಮೈತುಂಬ ಕೂದಲಿದೆ ಎಂದು ಯೋಚಿಸಿದೆ. ಯೋಚಿಸಿ, ಅದರ ಮೂತಿಯ ಕೆಳಗಿನಿಂದ ಕಾಲುಚೀಲವನ್ನು ಮೆಲ್ಲನೆ ಎಳೆದುಕೊಂಡೆ. ಅದು ಕಣ್ಣು ತೆರೆದು ನನ್ನನ್ನು ನೋಡಿತು, ಗುರ್ರೆನ್ನಲಿಲ್ಲ. ಅಂದಿದ್ದರೆ ನಾನು ಮರ್ಯಾದೆಯಾಗಿ ಬಿಟ್ಟುಬಿಡುತ್ತಿದ್ದೆ.

ನಡುಮಧ್ಯಾಹ್ನ ಕೃಷ್ಣರಾಜಪುರದ ಕಡೆಯಿಂದ ಒಂದು ಸದ್ದು ಕೇಳಿಸಿತು. ನಾಯಿಯಿಲ್ಲದ ಮೈದಾನದಲ್ಲಿ ಯಾರಿಗೂ ಗುರುತು ಹತ್ತಲಿಲ್ಲ, ಅಂತೋಣಿ ನೀರೂ ಇಡಲಿಲ್ಲ. ವಿಮಾನ ಇಳಿದು ಬಾಗಿಲು ತೆರೆದಾಗ ಪೂವಯ್ಯ! ಎಂಜಿನ್ನು ಕೆಟ್ಟು ಬತ್ತಿದ ಕೆರೆಯಂಗಳವೊಂದರಲ್ಲಿ ಇಳಿದಿದ್ದನಂತೆ. ಊರವರು ಮುದ್ದೆ ಹಾಕಿ ಮಲಗಿಸಿದರಂತೆ. ಬೆಳಗ್ಗೆ ತಾನೇ ರಿಪೇರಿ ಮಾಡಿಕೊಂಡು ಹಾರಿ ಬಂದನಂತೆ. "ಕ್ಷೇಮ" ಎಂದು ಅವನು ಆಳಿನ ಕೈಯಲ್ಲಿ ಕಳಿಸಿದ್ದ ತಂತಿ, ಅವನು ಬಂದ ಮಾರನೆಯ ದಿನ ಬಂತು. ಇಷ್ಟೆಲ್ಲ ಆಮೇಲೆ ತಿಳಿದದ್ದು. ಅವನು ಇಳಿದವನೇ ಮೈದಾನದ ಅಂಚನ್ನು ಈ ತುದಿಯಿಂದ ಆ ತುದಿಗೆ ನೋಡಿದ.

"ಬೋಟಿ ಎಲ್ಲಿ? ಹೋಗ್ಬಿಟ್ಲಾ?"

"ಇಲ್ಲ ಇಲ್ಲ, ನಮ್ಮನೇಲಿದಾಳೆ! ಈಗ್ಲೇ ಕರ್ಕೊಂಡ್ಬರ್ತೀನಿ" ಎಂದು ನಾನು ಸೈಕಲ್ಲು ಹತ್ತಿದೆ. ಹಿಂತಿರುಗಿ ನೋಡಿದರೆ ಹಿರಿಯ ಸಾಹೇಬ ಅವನನ್ನು ತಬ್ಬಿಕೊಂಡು ಮಾತಿಗೆ ಹಿಡಿದು ನಿಲ್ಲಿಸಿದ್ದ, ಉಳಿದವರೆಲ್ಲ ಹಿಂಬಾಗಿಲಿನಿಂದ ಅವನ ಕೋಣೆಗೆ ಓಡುತ್ತಿದ್ದರು. ಒಬ್ಬ ಬರಿಗಾಲಿನಲ್ಲಿ, ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು. ಅಂತೋಣಿ ಕ್ಯಾಲೆಂಡರ್ ಬಿಚ್ಚುತ್ತ.

ಜೋಗುಪಾಳ್ಯದಲ್ಲಿ ಅಮ್ಮ ಬೀದಿಯಲ್ಲೇ ನಿಂತಿದ್ದಳು. "ಬಂದ್ನಲ್ವೇನೋ? ಆಗ್ಲೇ ಭಾಗೀರಥಿ ಎದ್ದು ಹಗ್ಗ ಜಗ್ತಾ ಕುಣೀತು. ಸತ್ತ ಸುದ್ದಿ ಹುಟ್ಟಿದವರಿಗೆ ಆಯಸ್ಸು ಗಟ್ಟಿ, ತಿಳ್ಕೋ" ಎಂದಳು. ತಲೆಗೆ ಕಾಗೆ ಬಡಿದರೆ ದೋಷ ಕಳೆಯಲು ನೆಂಟರಿಗೆ ಸುಳ್ಳು ಸಾವಿನ ಸುದ್ದಿ ಕಳಿಸುವ ಜನ ನಾವು, ಆ ಶಾಸ್ತ್ರದಲ್ಲಿ ಅಮ್ಮ ಪಂಡಿತೆ. ನಾನು ಉತ್ತರ ಕೊಡುವ ಮೊದಲೇ ಬೋಟಿ ಹಗ್ಗದ ಸಮೇತ ರಸ್ತೆಗೆ ಬಿದ್ದಿತ್ತು. ಅದು ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಮನೆಯಲ್ಲೇ ಕಾಲುಚೀಲ ಬಿಚ್ಚಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೆನಪಾಗಬೇಕಲ್ಲ ಸ್ವಾಮಿ! ಬೆಚ್ಚಗಿರುವ ಕಾಲಿಗೆ ತಾನು ಯಾರ ದಯೆಯಿಂದ ಬೆಚ್ಚಗಿದ್ದೇನೆಂಬುದು ನೆನಪಿರುವುದಿಲ್ಲ.

ಮೆಸ್ಸಿನಲ್ಲಿ ಆದ ಸಂಭ್ರಮವನ್ನು ವರ್ಣಿಸಲಾರೆ. ಬೋಟಿ ಅವನ ಮೈಮೇಲೆ ಹಾರಿತು, ಅತ್ತಿತು, ನೆಲದ ಮೇಲೆ ಹೊರಳಾಡಿತು. ಪೂವಯ್ಯ ಕುರ್ಚಿಯಲ್ಲಿ ಕೂತು ಬೂಟು ಬಿಚ್ಚಿದ. ಬೋಟಿ ಕೋಣೆಗೆ ಓಡಿ ಚಪ್ಪಲಿ ತಂದಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಅವನ ಕಾಲುಚೀಲ ಎಳೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಗ ಬೋಟಿ ಮೂಗು ಮೇಲೆತ್ತಿ ಗಾಳಿಯನ್ನು ಮೂಸಿ, ನೆಟ್ಟಗೆ ನನ್ನ ಕಡೆಗೆ ಬಂತು. ನನ್ನ ಬೂಟಿನ ಲಾಡಿಯನ್ನು ಹಲ್ಲಿನಲ್ಲಿ ಹಿಡಿದು ಎಳೆಯತೊಡಗಿತು.

"ಥೂ, ಹೋಗು, ಹೋಗಮ್ಮಾ" ಎಂದೆ. ಕಾಲನ್ನು ಕುರ್ಚಿಯ ಹಿಂದೆ ಬಚ್ಚಿಟ್ಟೆ. ಅದು ಕುರ್ಚಿಯ ಹಿಂದಕ್ಕೂ ಬಂತು. "ಬಿಚ್ಚಿ ರಾಯರೇ, ಅದಕ್ಕೇನೋ ಬೇಕಂತೆ" ಎಂದ ಪೂವಯ್ಯ ನಗುತ್ತ. ಬಿಚ್ಚದೆ ವಿಧಿಯಿರಲಿಲ್ಲ. ಬೂಟು ಕಳಚಿದ ಕೂಡಲೇ ಅರಿಶಿನದ ಬಣ್ಣ ಇಡೀ ಕೋಣೆಗೆ ಕಾಣಿಸಿತು. ಬೋಟಿ ತುದಿ ಹಿಡಿದು ಹಿಂದಕ್ಕೆ ಹಿಂದಕ್ಕೆ ಎಳೆದು ಒಂದನ್ನು ಕಳಚಿತು, ಅವನ ಪಾದದ ಹತ್ತಿರ ಇಟ್ಟಿತು, ಇನ್ನೊಂದಕ್ಕೆ ವಾಪಸ್ಸು ಬಂತು. ಎಲ್ಲರೂ ಬೇರೆ ಕಡೆ ತಿರುಗಿದರು. ರೇಜರ್ ತೆಗೆದುಕೊಂಡಿದ್ದ ಸಾಹೇಬನೂ ಸೂರು ನೋಡುತ್ತಿದ್ದ. ಅಂತೋಣಿ ಮಾತ್ರ "ಐಯೋ ಸಾಮೀ" ಎಂದ. ನಾಯಿಯ ಹೆಸರು ಹೇಳಿ ತಂದದ್ದನ್ನು ನಾನು ತೊಟ್ಟಿದ್ದೆ. ಬರಿಗಾಲಿನಲ್ಲಿ ಕೂತು ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಸಿಮೆಂಟಿನ ನೆಲ, ಎಲ್ಲಿ ಬಿಟ್ಟೀತು?

ಪೂವಯ್ಯ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದ. ಅವನಿಗೆ ಪದ್ಧತಿ ಗೊತ್ತಿಲ್ಲವೇ? ಎದ್ದು ಬಂದು ಕಾಲುಚೀಲ ಎರಡನ್ನೂ ನನ್ನ ಮಡಿಲಲ್ಲಿ ಹಾಕಿದ. ಜೇಬಿನಿಂದ ಸಿಗರೇಟಿನ ಲೈಟರ್ ತೆಗೆದು ತೋರಿಸಿದ.

"ಇದು ನಂದಲ್ಲ ರಾಯರೇ. ಹೋದ ವರ್ಷ ನನ್ ಗೆಳೆಯನ ಕೋಣೇಲಿ ನಾನು ತಗೊಂಡಿದ್ದು. ಅವನು ವಾಪಸ್ ಬರ್ಲಿ, ಎಲ್ರ ಮುಂದೆ ನನ್ ಮಾನ ಕಳೀಲಿ ಅಂತ ಇವತ್ತಿಗೂ ಕಾಯ್ತಿದೀನಿ. ನಿಮ್ಮ ಅದೃಷ್ಟ ದೊಡ್ಡದು. ಇಟ್ಕೊಳ್ಳಿ."

ಯುದ್ಧ ಮುಗಿಯಿತು. ಪೂವಯ್ಯನಿಗೆ ಉತ್ತರದ ಕಡೆಗೆ ವರ್ಗವಾಗಿ, ಬೋಟಿಯನ್ನು ಕರೆದುಕೊಂಡು ಹೋದ. ಅವನ ಸುದ್ದಿಯಿಲ್ಲ. ಕಾಲುಚೀಲ ನನ್ನ ಪೆಟ್ಟಿಗೆಯಲ್ಲಿದೆ. ಎಂಥ ಚಳಿಯಲ್ಲೂ ಹಾಕಿಕೊಳ್ಳುವುದಿಲ್ಲ. ಮೊನ್ನೆ ಹೆಂಡತಿ ಅದನ್ನು ಎತ್ತಿ ಹಿಡಿದು, "ಹಾಕ್ಕೊಳ್ಳೋದೂ ಇಲ್ಲ, ಎಸೆಯೋದೂ ಇಲ್ಲ. ಯಾರದ್ರೀ ಇದು?" ಎಂದಳು. "ಬೇರೆಯವರದು. ಕೇಳ್ಕೊಂಡು ಬರ್ತಾರೆ" ಎಂದೆ.

ಬೂಟು ಬಿಚ್ಚುವ ಮುಂಚೆ ನಾಯಿ ಇದೆಯೇ ಎಂದು ನೋಡುತ್ತೇನೆ ಎಂದೆನಲ್ಲ, ಇಲ್ಲದಿರಲಿ ಎಂದು ನೋಡುತ್ತೇನೆಂದು ಭಾವಿಸಿದಿರಾ?