ಗೆರೆಯ ಕೆಳಗಿನ ಹೆಸರು

ಗೋಂದಿನ ಬಾಟಲಿಯ ಮುಚ್ಚಳ ಇವತ್ತು ಸುಲಭವಾಗಿ ತಿರುಗಿತು. ಹೋದ ವಾರ ಬಿಸಿನೀರಿನಲ್ಲಿ ಅದ್ದಿ ತೆಗೆಯಬೇಕಾಗಿತ್ತು. ಮೂರು ತಿಂಗಳು ಅದನ್ನು ಯಾರೂ ಮುಟ್ಟಿರಲಿಲ್ಲ. ಆ ಹುಳಿ ವಾಸನೆಗೆ ನಮ್ಮ ಮನೆಯವರು ಹಿಂದೆ ಬಂದು ನಿಂತ ಹಾಗೆ ಅನಿಸುತ್ತದೆ.

ಬನಹಟ್ಟಿಯ ನಮ್ಮ ಮನೆಯ ಮಗ್ಗದಲ್ಲಿ ಅವರು ಸೀರೆ ನೇಯುತ್ತಿದ್ದರು. ಪಾರ್ಸೆಲ್ ಕಟ್ಟಿ ವಿಳಾಸ ಬರೆಯುವುದು ನನ್ನ ಕೆಲಸ. ಏಳನೇ ತರಗತಿಯವರೆಗೆ ಓದಿದವಳು ನಾನು. ಬರೆಯುವುದಕ್ಕಿಂತ ಗೀಚುವುದರಲ್ಲೇ ಕೈ ಚುರುಕು. ತಪ್ಪಾದರೆ ಚೀಟಿ ಹರಿಯುವವರೆಗೆ ಕಪ್ಪು ಮಾಡುತ್ತಿದ್ದೆ.

“ಚೀಟಿ ನಿನಗೇನ ಮಾಡೇತಿ? ಒಂದ ಗೆರಿ ಎಳಿ, ಸಾಕು. ಕೆಳಗಿಂದು ಓದಾಕ ಬರಬೇಕು,” ಅನ್ನುತ್ತಿದ್ದರು ಅವರು.

“ತಪ್ಪ ಬರದದ್ದು ಯಾರ ಓದತಾರ್ರೀ?”

“ನೀ ಎರಡನೇ ಸಲಾನೂ ತಪ್ಪೂದಿಲ್ಲಂತ ಏನ ಗ್ಯಾರಂಟಿ?”

ಗ್ಯಾರಂಟಿ ಇರಲಿಲ್ಲ, ನೋಡಿ. ನಮ್ಮ ಹಳೆಯ ಗಿರಾಕಿ ಒಬ್ಬ ಅಕ್ಕೋರು, ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅವರ ಊರು ಹಿನ್ನೀರಿನಲ್ಲಿ ಮುಳುಗಿ, ಬೀಳಗಿಗೆ ಬಂದಿದ್ದರು. ಒಮ್ಮೆ ಅವರ ಪಾರ್ಸೆಲ್ ಮೇಲೆ ರೂಢಿಯಂತೆ ಹಳೆಯ ಊರನ್ನೇ ಬರೆದೆ. ಗೆರೆ ಎಳೆದು ಬೀಳಗಿ ಎಂದು ತಿದ್ದಿದೆ, ಓಣಿ ಮಾತ್ರ ತಪ್ಪು ಹಾಕಿದೆ. ಅಂಚೆಯಾತ ಗೆರೆಯ ಕೆಳಗಿದ್ದ ಮುಳುಗಿದ ಊರಿನ ಹೆಸರು ಓದಿ, ಆ ಊರಿನವರು ಇರುವ ಓಣಿಯಲ್ಲಿ ವಿಚಾರಿಸಿ ಸೀರೆ ಮುಟ್ಟಿಸಿದನಂತೆ. ನಮ್ಮವರು ಎರಡು ದಿನ ಮೀಸೆಯಲ್ಲೇ ನಕ್ಕರು.

ಮೂರು ತಿಂಗಳ ಹಿಂದೆ ಅವರು ತೀರಿಹೋದ ಮೇಲೆ ಮಗ್ಗದಲ್ಲಿ ಅರ್ಧಕ್ಕೆ ನಿಂತಿದ್ದ ಸೀರೆಯನ್ನು ನಾನೇ ನೇಯ್ದು ಮುಗಿಸಿದೆ. ಅದು ಅಕ್ಕೋರದೇ. ಆದರೆ ಕಳಿಸಲಿಲ್ಲ. ‘ಇವರಿಂದ’ ಎಂದು ಅಚ್ಚು ಹಾಕಿಸಿದ ಚೀಟಿಗಳ ಮೇಲೆಲ್ಲ ನಮ್ಮವರ ಹೆಸರಿದೆ. ನಲವತ್ತು ವರ್ಷ ನಾನು ಬಾಯಿಬಿಟ್ಟು ಹೇಳದ ಹೆಸರು. ಅದನ್ನು ನನ್ನ ಕೈಯಿಂದಲೇ ಹೊಡೆದುಹಾಕಲೇ?

“ಅವ್ವಾ, ಹೊಸಾ ಚೀಟಿ ಹಾಕಸ್ತೇನಿ, ನಿನ್ನ ಹೆಸರಲೇ,” ಎಂದಳು ಮಗಳು. ಬೇಡವೆಂದೆ. ಸೀರೆ ಪೆಟ್ಟಿಗೆಯಲ್ಲೇ ಉಳಿಯಿತು.

ಹೋದ ವಾರ ಅಕ್ಕೋರ ಫೋನು. “ಸೀರಿ ಯಾವಾಗ ಕಳಸ್ತೀಯವ್ವಾ? ಉಡೂತನಕ ನಾ ಬದುಕಿರಬೇಕಲ್ಲ!”

ಅಂದೇ ಕುಳಿತೆ. ಅಚ್ಚಾದ ಅವರ ಹೆಸರಿನ ಮೇಲೆ ಒಂದೇ ಗೆರೆ ಎಳೆದೆ. ಮೇಲೆ ನನ್ನ ಹೆಸರು ಬರೆದೆ. ಕೆಳಗಿನದು ಚೆನ್ನಾಗಿಯೇ ಓದಲು ಬರುತ್ತಿತ್ತು.

ಇವತ್ತು ಮುಂಜಾನೆ ಮತ್ತೆ ಫೋನು. “ಸೀರಿ ಮುಟ್ಟೇತಿ. ಎರಡೂ ಹೆಸರ ಓದಿದೆ. ಆದ್ರ ಗೆರಿ ಎಷ್ಟ ಸೊಟ್ಟ ಎಳದೀಯವ್ವಾ! ಮುಂದಿನ ಸಲ ಸ್ಕೇಲ್ ಇಟ್ಟ ಎಳಿ.”

ಮೂರು ತಿಂಗಳ ಮೇಲೆ ನಕ್ಕೆ. ಮುಧೋಳಕ್ಕೆ ಎರಡು ಸೀರೆ ಹೋಗಬೇಕು. ಗೋಂದಿನ ಬಾಟಲಿ ತೆರೆದಿಟ್ಟು, ಸ್ಕೇಲು ಹುಡುಕುತ್ತಿದ್ದೇನೆ.