ಎಡಕ್ಕೆ ವಾಲಿದ ಹೂಜಿ

ನಮ್ಮ ದೊಡ್ಡಪ್ಪನಿಗೆ ಕ್ಷೌರದಂಗಡಿ ಇತ್ತು. ಹೊಟ್ಟೆಪಾಡಿಗೆ ಕತ್ತರಿ, ಹುಚ್ಚಿಗೆ ಕುಂಚ. ಎಣ್ಣೆಬಣ್ಣದಲ್ಲಿ ಹೂವು, ಹಣ್ಣು ಬರೆಯುವುದೇ ಆ ಹುಚ್ಚು. ಮನುಷ್ಯರ ಚಿತ್ರ ಯಾಕೆ ಬರೆಯುವುದಿಲ್ಲ ಎಂದು ನಾನೊಮ್ಮೆ ಕೇಳಿದ್ದೆ. ಬೆಳಗಿನಿಂದ ಸಂಜೆಯವರೆಗೆ ತಲೆ ಅಲ್ಲಾಡಿಸಬೇಡಿ ಎಂದು ಹೇಳಿ ಹೇಳಿ ಬಾಯಿ ಸೋತಿದೆ, ದಾಳಿಂಬೆಗೆ ಹಾಗೆ ಹೇಳಬೇಕಾಗಿಲ್ಲ, ಅದು ನಡುವೆ ರಾಜಕೀಯವನ್ನೂ ತೆಗೆಯುವುದಿಲ್ಲ ಎಂದರು.

ಅಂಗಡಿ ಎಂದರೆ ಒಂದೇ ಕೋಣೆ. ಒಂದು ಗೋಡೆಗೆ ಅವರಪ್ಪನ ಕಾಲದ ದೊಡ್ಡ ಕನ್ನಡಿ, ಅದರ ಮುಂದೆ ಎರಡು ಕುರ್ಚಿ. ಎದುರು ಗೋಡೆಯ ತುಂಬ ದೊಡ್ಡಪ್ಪನ ಚಿತ್ರಗಳು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಆ ಗೋಡೆಗೆ ಕ್ಯಾನ್ವಾಸು ಒರಗಿಸಿಕೊಂಡು ಕೆಲಸಕ್ಕಿಳಿಯುತ್ತಿದ್ದರು. ಹಿನ್ನೆಲೆ ಬಳಿಯಲು ಸವೆದ ಶೇವಿಂಗ್ ಬ್ರಶ್ಶು, ತಪ್ಪಿದ್ದನ್ನು ಕೆರೆಯಲು ಹಳೇ ಬ್ಲೇಡು. ಒಂದು ಗೆರೆ ಎಳೆಯುವುದು, ತಿರುಗಿ ಕನ್ನಡಿಯಲ್ಲಿ ನೋಡುವುದು, ತಿದ್ದುವುದು, ಮತ್ತೆ ಕನ್ನಡಿ. ಊರಿನವರ ತಲೆಗಳನ್ನೆಲ್ಲ ಆ ಕನ್ನಡಿಯನ್ನು ನಂಬಿ ಕತ್ತರಿಸಿದವರು ಒಂದು ಹೂಜಿಯ ವಿಷಯದಲ್ಲಿ ಬೇರೆ ಯಾರ ಮಾತು ಕೇಳಿಯಾರು? ಕ್ಷೌರ ಮಾಡಿಸಿಕೊಂಡು ಹೋದ ಗಂಡಸರ ಮೈಯೆಲ್ಲ ಟರ್ಪೆಂಟೈನ್ ವಾಸನೆ. ಎಲ್ಲಿಗೆ ಹೋಗಿದ್ದಿರಿ ಎಂದು ಅವರ ಹೆಂಡತಿಯರು ಕೇಳುವ ಅಗತ್ಯವೇ ಇರಲಿಲ್ಲ.

ದೊಡ್ಡಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಓರೆಯಾಗಿರುವುದೇನು ಕಂಡರೂ ಅವರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಪಕ್ಕದ ಮನೆಗೆ ಸಕ್ಕರೆ ಕೇಳಲು ಹೋದವರು ಅವರ ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡಿ, ಸಕ್ಕರೆ ಮರೆತು ಬಂದದ್ದುಂಟು. ಇನ್ನು ಹಣ್ಣಿನ ವಿಷಯದಲ್ಲಿ ಅವರದು ಕಟ್ಟುನಿಟ್ಟು. ಹಣ್ಣಿರುವುದು ತಿನ್ನುವುದಕ್ಕೆ. ಚಿತ್ರಕ್ಕೆ ಬೇಕೆಂದರೆ ಜಜ್ಜಿದ್ದು, ಬಾಡಿದ್ದು, ಮಕ್ಕಳೂ ಮುಟ್ಟದೆ ಬಿಟ್ಟದ್ದು. ದೊಡ್ಡಪ್ಪನ ಚಿತ್ರಗಳಲ್ಲಿ ಸೇಬುಗಳಿಗೆಲ್ಲ ಒಂದೊಂದು ಕಪ್ಪು ಮಚ್ಚೆ ಇರುವುದು ಈ ಕಾರಣಕ್ಕೆ. ಅದನ್ನು ಅವರ ಶೈಲಿ ಎಂದು ತಿಳಿದವರೂ ಇದ್ದರು, ದೊಡ್ಡಪ್ಪ ಅವರನ್ನು ತಿದ್ದಲು ಹೋಗಲಿಲ್ಲ.

ದೊಡ್ಡಪ್ಪನಿಗೆ ಬೇಕಾಗಿದ್ದುದು ಒಂದೇ, ಹೆಂಡತಿಯ ಬಾಯಲ್ಲಿ "ಚೆನ್ನಾಗಿದೆ" ಎಂಬ ಮಾತು. ಊರೆಲ್ಲ ಹೊಗಳಿದರೂ ಅವರಿಗೆ ಅದು ಲೆಕ್ಕಕ್ಕಿಲ್ಲ. ದೊಡ್ಡಮ್ಮ ಅಂಗಡಿಯೊಳಗೆ ಕಾಲಿಟ್ಟವರಲ್ಲ, ಗಂಡಸರು ಸೋಪು ಬಳಿದುಕೊಂಡು ಕೂತಿರುವ ಕಡೆ ತನಗೇನು ಕೆಲಸ ಎನ್ನುತ್ತಿದ್ದರು. ಹಾಗಾಗಿ ಪ್ರತಿ ಚಿತ್ರವೂ ಮುಗಿದ ಕೂಡಲೇ ಸೈಕಲ್ಲಿನ ಮೇಲೆ ಮನೆಗೆ ಬರುತ್ತಿತ್ತು. ದೊಡ್ಡಮ್ಮ ಹೊಲಿಗೆ ಯಂತ್ರ ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು ನೋಡಿ, ಹೂಜಿ ಎಡಕ್ಕೆ ವಾಲಿದೆ ಎನ್ನುತ್ತಿದ್ದರು. ಪ್ರತಿ ಸಲವೂ ಎಡಕ್ಕೇ. ದೊಡ್ಡಪ್ಪ ನೋಡಿದರೆ ಅವರಿಗೂ ವಾಲಿದಂತೆಯೇ ಕಾಣುತ್ತಿತ್ತು. ಅಂಗಡಿಯಲ್ಲಿ ನೆಟ್ಟಗಿತ್ತು, ಬಣ್ಣ ಹಸಿ, ದಾರಿಯಲ್ಲಿ ಸೈಕಲ್ ಕುಲುಕಿ ಜಾರಿರಬೇಕು ಎನ್ನುತ್ತಿದ್ದರು. ಅದನ್ನು ಮನಸಾರೆ ನಂಬಿಯೂ ಇದ್ದರು. ಒಂದು ಸಲವಂತೂ ಚಿತ್ರವನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ನಡೆದೇ ಬಂದರು. ಆಗಲೂ ಹೂಜಿ ಎಡಕ್ಕೇ ವಾಲಿತ್ತು.

ಕೊನೆಗೊಂದು ದಿನ ಗುಲಾಬಿ ತುಂಬಿದ ಹೂಜಿ ಮತ್ತು ಬಿರಿದ ದಾಳಿಂಬೆಯ ಚಿತ್ರ ತಂದು ಗೋಡೆಗೆ ಒರಗಿಸಿದರು. ಅಷ್ಟು ಚೆಂದದ ಗುಲಾಬಿಗಳನ್ನು ಅವರು ಹಿಂದೆ ಬರೆದಿರಲಿಲ್ಲ.

"ನೋಡು, ಇದೂ ಸರಿಯಿಲ್ಲ ಅಂದ್ರೆ ನನ್ನ ಕೈಯೇ ಓರೆ ಅಂತ ಅರ್ಥ. ಇನ್ನು ಬರೆಯಲ್ಲ" ಎಂದರು.

ದೊಡ್ಡಮ್ಮ ಬಹಳ ಹೊತ್ತು ನೋಡಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ವಾಲಿದೆ ಕಣ್ರೀ" ಎಂದರು, ಮೆಲ್ಲಗೆ.

ದೊಡ್ಡಪ್ಪ ಜಗಳವಾಡಲಿಲ್ಲ. ಕುಂಚಗಳನ್ನು ತೊಳೆದು, ಬಣ್ಣದ ಟ್ಯೂಬುಗಳ ಜೊತೆ ಚಪ್ಪಲಿ ಡಬ್ಬದಲ್ಲಿ ಹಾಕಿ ಅಟ್ಟದ ಮೇಲಿಟ್ಟರು. ಚಿತ್ರವನ್ನು ಅಂಗಡಿಗೆ ವಾಪಸು ಒಯ್ದು ನೇತುಹಾಕಿದರು. ಸಂಜೆ ಮನೆಗೆ ಬಂದರೆ ಪೇಪರನ್ನು ತಾರೀಕಿನಿಂದ ಹಿಡಿದು ಅಚ್ಚುಹಾಕಿದವರ ವಿಳಾಸದವರೆಗೆ ಓದಿ ಮಡಚಿಟ್ಟು ಮಲಗುತ್ತಿದ್ದರು. ಟರ್ಪೆಂಟೈನ್ ವಾಸನೆಗೆ ತಲೆನೋವು ಬರುತ್ತದೆ ಎಂದು ಜೀವಮಾನವೆಲ್ಲ ಗೊಣಗಿದ್ದ ದೊಡ್ಡಮ್ಮನಿಗೆ ಈಗ ವಾಸನೆಯಿಲ್ಲದೆ ತಲೆನೋವು ಶುರುವಾಯಿತು. ನನಗೆ ಅವರಿಬ್ಬರ ಮೇಲೂ ಸಿಟ್ಟು ಬಂದಿತ್ತು. ಒಂದು ಹೂಜಿಗಾಗಿ ಮನೆಯೇ ಹೀಗೆ ಬಣಗುಡುವಂತೆ ಮಾಡುವುದೇ?

ವಾರದ ರಜೆಯ ದಿನ ದೊಡ್ಡಮ್ಮ ನನ್ನನ್ನು ಜೊತೆಗೆ ಕರೆದುಕೊಂಡು ಅಂಗಡಿಗೆ ಹೊರಟರು. ಆ ದಿನ ದೊಡ್ಡಪ್ಪ ಅಲ್ಲಿ ಒಬ್ಬರೇ ಕತ್ತರಿಗಳನ್ನು ಸಾಣೆ ಹಿಡಿಯುತ್ತಿರುತ್ತಾರೆ. ಇನ್ನೊಮ್ಮೆ ನೋಡಿದೆ, ನೆಟ್ಟಗೇ ಇದೆ ಎಂದು ಹೇಳಿಬಿಡುವುದೆಂದು ದೊಡ್ಡಮ್ಮ ಗಟ್ಟಿಮನಸ್ಸು ಮಾಡಿದ್ದರು. ದಾರಿಯುದ್ದಕ್ಕೂ ಆ ಸುಳ್ಳನ್ನು ನನ್ನ ಮೇಲೆ ಪ್ರಯೋಗಿಸಿ ನೋಡಿದರು. ಒಂದು ಸಲವೂ ನಂಬುವ ಹಾಗೆ ಬರಲಿಲ್ಲ.

ಅಂಗಡಿಯಲ್ಲಿ ಗಿರಾಕಿಗಳು ಕಾಯುವ ಬೆಂಚನ್ನು ತೊಳೆದು ಒಣಗಲು ಹೊರಗಿಟ್ಟಿದ್ದರು. ನಡೆದು ಸುಸ್ತಾಗಿದ್ದ ದೊಡ್ಡಮ್ಮ ಗಿರಾಕಿಯ ಕುರ್ಚಿಯಲ್ಲೇ ಕೂತರು. ಅಭ್ಯಾಸಬಲ, ದೊಡ್ಡಪ್ಪ ಹಿಂದೆ ಬಂದು ನಿಂತು ಎರಡು ಬೆರಳಲ್ಲಿ ಅವರ ತಲೆ ಸರಿಮಾಡಿ ಅಲ್ಲಾಡಬೇಡ ಎಂದರು. ದೊಡ್ಡಮ್ಮ ಕನ್ನಡಿ ನೋಡಿದರು. ತಿರುಗಿ ಗೋಡೆ ನೋಡಿದರು. ಮತ್ತೆ ಕನ್ನಡಿ.

"ಇದರಲ್ಲಿ ಹೂಜಿ ನೆಟ್ಟಗಿದೆಯಲ್ರೀ" ಎಂದರು.

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ."

ನಿಜ ಹೇಳಿದಾಗಲೇ ನಂಬದಿದ್ದರೆ ಯಾರಿಗೆ ರೇಗುವುದಿಲ್ಲ? ದೊಡ್ಡಮ್ಮ ಪರ್ಸಿನಿಂದ ದಾರದ ಬಾಬಿನ್ ತೆಗೆದು, ದಾರ ಬಿಟ್ಟು, ಕನ್ನಡಿಯ ಮುಂದೆ ತೂಗಾಡಿಸಿದರು. ಅದು ನಿಂತಿತು. ಅವರ ಕೈಯಲ್ಲಿದ್ದ ದಾರ ನೆಟ್ಟಗೆ ಇಳಿಬಿದ್ದಿತ್ತು, ಕನ್ನಡಿಯೊಳಗಿನ ದಾರ ಓರೆಯಾಗಿತ್ತು. ಹಳೇ ಗಾಜು ಯಾವಾಗಲೋ ಸೊಟ್ಟಗಾಗಿತ್ತು. ಆ ಸೊಟ್ಟದಲ್ಲಿ ನೆಟ್ಟಗೆ ಕಾಣುವವರೆಗೆ ದೊಡ್ಡಪ್ಪ ಪ್ರತಿ ಹೂಜಿಯನ್ನೂ ತಿದ್ದಿ ತಿದ್ದಿ ವಾಲಿಸಿದ್ದರು.

"ನಿಮ್ಮ ಕೈಗೇನೂ ಆಗಿಲ್ಲ. ಕನ್ನಡಿ ಸೊಟ್ಟ" ಎಂದರು ದೊಡ್ಡಮ್ಮ. ಆಮೇಲೆ ಏನೋ ಹೊಳೆದವರಂತೆ, ನಮ್ಮ ಬೀದಿಯ ಗಂಡಸರಿಗೆಲ್ಲ ಒಂದೇ ಕಡೆಯ ಕೃತಾವು ಉದ್ದ ಯಾಕೆಂದು ಈಗ ತಿಳಿಯಿತು ಎಂದರು.

ದೊಡ್ಡಪ್ಪ ನಗಲಿಲ್ಲ. ಇನ್ನೊಂದು ಕುರ್ಚಿಯಲ್ಲಿ ಕುಸಿದು ಕೂತರು, ಅವರ ಕಣ್ಣು ತುಂಬಿತ್ತು. ಹೂಜಿ ಬಿಡು, ಮಿಕ್ಕದ್ದು ಹೇಗಿದೆ ಎಂದು ಕೇಳಿದರು. ದೊಡ್ಡಮ್ಮ ಕುರ್ಚಿಯಿಂದಿಳಿದು ಚಿತ್ರದ ಹತ್ತಿರ ಹೋಗಿ ನೋಡಿದರು. ಗುಲಾಬಿ ಚೆನ್ನಾಗಿದೆ, ದಾಳಿಂಬೆ ಮಾತ್ರ ಸಪ್ಪೆ ಎಂದರು. ಆ ಸಪ್ಪೆ ಹಣ್ಣು ಕೊಟ್ಟವರು ಯಾರು ಎಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕೈಹಿಡಿದು ಹೊರಗೆಳೆದುಕೊಂಡು ಬಂದರು.

ಎದುರಿನ ಹಣ್ಣಿನಂಗಡಿಯಲ್ಲಿ ದಾಳಿಂಬೆಗಳನ್ನು ಒಂದೊಂದಾಗಿ ತಿರುಗಿಸಿ ನೋಡತೊಡಗಿದರು. ಎಲ್ಲ ಸಿಹಿಯಾಗಿವೆ, ಯಾವುದನ್ನು ಬೇಕಾದರೂ ತೆಗೆದುಕೊಳ್ಳಿ ಎಂದ ಅಂಗಡಿಯವನು.

"ಸಿಹಿ ಇರಲಿ, ಒಂದು ಮಚ್ಚೆಯೂ ಇಲ್ಲದ್ದು ಆರಿಸಿಕೊಡಪ್ಪ" ಎಂದರು ದೊಡ್ಡಮ್ಮ. "ತಿನ್ನೋಕಲ್ಲ."